ನೌಬಾದದಲ್ಲಿದ್ದು ಡಿಜಿಟಲ್ ಮೀಡಿಯಾ ಕಲೀಬೇಕಂದ್ರೆ: ಸಮುದಾಯ ಕಾಲೇಜು, ಐಟಿಐ, ಡಿಪ್ಲೊಮಾಗಳ ಒಳಹೊರಗು

ಬೀದರ್ ನಗರದ ಅಂಚಿಗಿರುವ ನೌಬಾದದ ಯಾವುದಾದರೂ ಫ್ಲೆಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಲೀಡರ್ ಹುಟ್ಟುಹಬ್ಬದ ಬ್ಯಾನರ್ ಕನ್ನಡದಲ್ಲಿ, ಮದುವೆಯದು ಮರಾಠಿಯಲ್ಲಿ, ಹೊಸ ಅಂಗಡಿಯದು ಉರ್ದುವಿನಲ್ಲಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಮೂರು ಲಿಪಿಯಲ್ಲೂ ಟೈಪ್ ಮಾಡ್ತಾನೆ, ಫೋಟೋದ ಹಿನ್ನೆಲೆ ಕತ್ತರಿಸ್ತಾನೆ, ನಡುವೆ ಯಾರದೋ ಮದುವೆ ವಿಡಿಯೋಗೆ ಹಾಡು ಕೂಡಿಸಿ ವಾಟ್ಸಾಪ್‌ನಲ್ಲಿ ಕಳಿಸ್ತಾನೆ. ಇದನ್ನು ಅವನಿಗೆ ಯಾವ ಕಾಲೇಜೂ ಕಲಿಸಿಲ್ಲ. ಅಂಗಡಿ ಮಾಲೀಕನ ಪಕ್ಕ ನಿಂತು, ಯೂಟ್ಯೂಬ್ ನೋಡಿ ಕಲಿತದ್ದು. ಕೆಲಸ ಬರುತ್ತದೆ, ಆದರೆ ಆ ಕೆಲಸಕ್ಕೆ ಹೆಸರಿಲ್ಲ, ಕಾಗದವಿಲ್ಲ, ಇನ್‌ಕ್ರಿಮೆಂಟ್ ಅಂತೂ ಇಲ್ಲವೇ ಇಲ್ಲ.

ಇಂಥ ಹುಡುಗ ಅಥವಾ ಹುಡುಗಿ ಪಿಯುಸಿ ಮುಗಿಸಿ ಕೇಳುವ ಪ್ರಶ್ನೆ: "ಇದಕ್ಕೊಂದು ಕೋರ್ಸ್ ಇಲ್ವಾ?" ಮನೆಯಲ್ಲಿ ಅಪ್ಪ ಕೇಳುವ ಪ್ರಶ್ನೆ: "ಇದ್ಕ ನೌಕರಿ ಸಿಗ್ತದೇನು?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೋರ್ಸ್‌ಗಳಿವೆ, ಬೇರೆ ಬೇರೆ ಹೆಸರಲ್ಲಿವೆ. ಆದರೆ ಹೆಸರು ಒಂದೇ ಥರ ಕೇಳಿಸಿದರೂ ಒಂದೊಂದು ಸರ್ಟಿಫಿಕೇಟ್ ಒಂದೊಂದು ಕಡೆ ಕರೆದೊಯ್ಯುತ್ತದೆ, ಕೆಲವು ಎಲ್ಲಿಗೂ ಒಯ್ಯುವುದಿಲ್ಲ. ಈ ವ್ಯತ್ಯಾಸವನ್ನು ಅಡ್ಮಿಷನ್ ಕೌಂಟರ್‌ನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಅದಕ್ಕೇ ಈ ಬರಹ.

'ಸಮುದಾಯ' ಅಂದ್ರೆ ಯಾವ ಸಮುದಾಯ?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ 'ಸಮುದಾಯ ಕಾಲೇಜು' ಅಂದ ತಕ್ಷಣ "ಯಾವ ಸಮುದಾಯದ್ದು?" ಅಂತ ಕೇಳುವವರೇ ಹೆಚ್ಚು. ಸಮುದಾಯ ಎಂಬ ಪದ ಜಾತಿಯ ಮರ್ಯಾದಸ್ಥ ಹೆಸರಾಗಿಬಿಟ್ಟಿರುವ ನಾಡಿನಲ್ಲಿ ಇದು ತಪ್ಪೇನಲ್ಲ. ಆದರೆ ಕಮ್ಯುನಿಟಿ ಕಾಲೇಜಿಗೂ ಜಾತಿಗೂ ಸಂಬಂಧವಿಲ್ಲ. ಊರಿನ ಜನ ಊರು ಬಿಡದೆ, ವಯಸ್ಸಿನ ಅಡ್ಡಿಯಿಲ್ಲದೆ, ಕಡಿಮೆ ಖರ್ಚಿನಲ್ಲಿ ಒಂದೆರಡು ವರ್ಷ ಓದಿ ಕೆಲಸಕ್ಕೆ ಹೋಗಬಹುದಾದ ಅಥವಾ ಅಲ್ಲಿಂದ ದೊಡ್ಡ ಪದವಿಗೆ ದಾಟಬಹುದಾದ ಕಾಲೇಜು ಅನ್ನುವುದು ಅದರ ಮೂಲ ಕಲ್ಪನೆ.

ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜನ್ನು ಇಂಥ ಮೊದಲ ಸಾರ್ವಜನಿಕ ಕಾಲೇಜು ಅನ್ನುತ್ತಾರೆ. ಅಲ್ಲಿ ಇವತ್ತು 'ಡಿಜಿಟಲ್ ಮೀಡಿಯಾ ಟೆಕ್ನಾಲಜಿ' ಎಂಬುದು ಕಮ್ಯುನಿಟಿ ಕಾಲೇಜುಗಳ ಮಾಮೂಲಿ ಎರಡು ವರ್ಷದ ಕೋರ್ಸು: ಕ್ಯಾಮೆರಾ, ಸೌಂಡು, ಎಡಿಟಿಂಗು, ಗ್ರಾಫಿಕ್ಸು, ವೆಬ್ ವಿನ್ಯಾಸ ಎಲ್ಲ ಒಂದೇ ಬುಟ್ಟಿಯಲ್ಲಿ. ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಈ ಮಾದರಿಯ ಕಾಲೇಜು ತೆರೆಯಿತು. 2009ರಲ್ಲಿ ಇಗ್ನೋ ಕೈಹಾಕಿತು. ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯಲ್ಲಿ, 2013ರ ಹೊತ್ತಿಗೆ, ಈಗಾಗಲೇ ಇರುವ ಕಾಲೇಜು, ವಿಶ್ವವಿದ್ಯಾಲಯಗಳ ಒಳಗೇ ಸಮುದಾಯ ಕಾಲೇಜು ನಡೆಸುವ ಸ್ಕೀಮ್ ತಂದಿತು. ಅಂದರೆ ನಮ್ಮಲ್ಲಿ ಅದಕ್ಕೆ ಬಹುತೇಕ ಪ್ರತ್ಯೇಕ ಕಟ್ಟಡ, ಬೋರ್ಡು ಇರುವುದಿಲ್ಲ. ಡಿಗ್ರಿ ಕಾಲೇಜಿನ ಒಂದು ಮೂಲೆಯ ಎರಡು ಕೋಣೆಯೇ ಸಮುದಾಯ ಕಾಲೇಜು.

ಸ್ಕೀಮಿನ ಲೆಕ್ಕ ತಿಳಿದಿರುವುದು ಒಳ್ಳೇದು, ಮುಂದೆ ಜಗಳ ಆಡಲಿಕ್ಕೆ ಬೇಕಾಗುತ್ತದೆ. ಪಿಯುಸಿ ಪಾಸಾದವರಿಗೆ ಪ್ರವೇಶ. ಆರು ತಿಂಗಳಿಗೆ ಸರ್ಟಿಫಿಕೇಟ್, ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ. ವರ್ಷಕ್ಕೆ 60 ಕ್ರೆಡಿಟ್. ಅದರಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಒಂದು ಕ್ರೆಡಿಟ್ ಅಂದರೆ ಸುಮಾರು 15 ಗಂಟೆಯ ಪಾಠ ಅಥವಾ ವರ್ಕ್‌ಶಾಪ್. ಗುಣಿಸಿ ನೋಡಿ: ವರ್ಷಕ್ಕೆ 540 ಗಂಟೆ ಕೈಕೆಲಸದ ಕಲಿಕೆ ವಿದ್ಯಾರ್ಥಿಯ ಹಕ್ಕು. ಈಗ 40 ಮಂದಿಯ ಬ್ಯಾಚಿಗೆ 10 ಕಂಪ್ಯೂಟರ್ ಇರುವ ಲ್ಯಾಬ್ ಊಹಿಸಿಕೊಳ್ಳಿ. ನಾಲ್ವರಿಗೆ ಒಂದು. ಮೌಸ್ ನಿಮ್ಮ ಕೈಗೆ ಬರುವುದು 135 ಗಂಟೆ. ಕರೆಂಟ್ ಹೋದ ದಿನ, ಮೇಷ್ಟ್ರು ರಜೆ ಹಾಕಿದ ದಿನ ಕಳೆಯಿರಿ. ಮಾರ್ಕ್ಸ್ ಕಾರ್ಡ್ ಮೇಲೆ ಮಾತ್ರ 36 ಕ್ರೆಡಿಟ್ ಪೂರ್ತಿ ಇರುತ್ತದೆ. ಎಡಿಟಿಂಗ್ ಅನ್ನುವುದು ಬೇರೆಯವರ ಹೆಗಲ ಮೇಲಿಂದ ಇಣುಕಿ ಕಲಿಯುವ ವಿದ್ಯೆ ಅಲ್ಲ.

ಒಂದೇ ಹೆಸರು, ಬೇರೆ ಬೇರೆ ಬಾಗಿಲು

'ಡಿಪ್ಲೊಮಾ' ಅನ್ನೋ ಪದವೇ ದೊಡ್ಡ ಮೋಸಗಾರ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿದ್ದೂ ಡಿಪ್ಲೊಮಾ. ಪಿಯುಸಿ ಮುಗಿಸಿ ಸಮುದಾಯ ಕಾಲೇಜಿನಲ್ಲಿ ಒಂದು ವರ್ಷ ಓದಿದ್ದೂ ಡಿಪ್ಲೊಮಾ. ಖಾಸಗಿ ಅನಿಮೇಷನ್ ಸೆಂಟರ್‌ನವರು ಲ್ಯಾಮಿನೇಟ್ ಮಾಡಿ ಕೊಡುವುದೂ ಡಿಪ್ಲೊಮಾನೇ.

ಪಾಲಿಟೆಕ್ನಿಕ್‌ನದು ತಾಂತ್ರಿಕ ಶಿಕ್ಷಣ ಇಲಾಖೆಯ ವ್ಯವಸ್ಥೆಗೆ ಸೇರಿದ್ದು. ಅದನ್ನು ಹಿಡಿದು ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಬೀದರಿನ ಗುರುನಾನಕ್ ದೇವ್ ಕಾಲೇಜಿರಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿರಲಿ, ಆ ದಾರಿಯಲ್ಲಿ ತಲುಪಬಹುದು. ಸಮುದಾಯ ಕಾಲೇಜಿನ ಒಂದು ವರ್ಷದ ಡಿಪ್ಲೊಮಾಗೆ ಆ ದಾರಿ ಇಲ್ಲ. ಅದರ ಸಹಜ ಮುಂದಿನ ಮೆಟ್ಟಿಲು ಬಿ.ವೋಕ್. ಯುಜಿಸಿ 2014ರಲ್ಲಿ ಶುರು ಮಾಡಿದ, ಮೂರು ವರ್ಷ, 180 ಕ್ರೆಡಿಟ್‌ನ ಪದವಿ ಇದು. ಆದರೆ ಮೆಟ್ಟಿಲು ಕಾಗದದ ಮೇಲಿದ್ದರೆ ಸಾಲದು. ಅದೇ ವಿಷಯದ ಬಿ.ವೋಕ್ ನೀವು ತಲುಪಬಹುದಾದ ದೂರದಲ್ಲಿ ಇರಬೇಕು, ಆ ಕಾಲೇಜು ನಿಮ್ಮ 60 ಕ್ರೆಡಿಟ್ ಒಪ್ಪಿ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಮತ್ತೆ ಮೊದಲನೇ ವರ್ಷದಿಂದ ಶುರು, ಒಂದು ವರ್ಷ ಹೋಯ್ತು.

ಅಮೆರಿಕದಲ್ಲೂ ಇದೇ ತಕರಾರು ಇದೆ. ಅಲ್ಲಿನ ಎರಡು ವರ್ಷದ ಪದವಿಗಳಲ್ಲಿ ಒಂದು ಬಗೆ ಮುಂದೆ ವಿಶ್ವವಿದ್ಯಾಲಯಕ್ಕೆ ದಾಟಲಿಕ್ಕೆಂದೇ ರೂಪಿಸಿದ್ದು, ಇನ್ನೊಂದು ನೇರ ಕೆಲಸಕ್ಕೆ. ಡಿಜಿಟಲ್ ಮೀಡಿಯಾದಂಥ ಕೋರ್ಸುಗಳು ಹೆಚ್ಚಾಗಿ ಎರಡನೇ ಗುಂಪಿನವು. ದಾಟಬೇಕೆಂದು ಹೊರಟಾಗ ಅರ್ಧ ಕ್ರೆಡಿಟ್ ಲೆಕ್ಕಕ್ಕಿಲ್ಲ ಅಂತ ಗೊತ್ತಾಗುವ ವಿದ್ಯಾರ್ಥಿ ಅಲ್ಲೂ ಇದ್ದಾನೆ.

ಪಿಯುಸಿ ಆಗದವರಿಗೆ ಐಟಿಐ ಇದೆ. ಇದನ್ನು ಯಾಕೋ ಜನ ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಮಾತ್ರ ಅಂದ್ಕೊಂಡಿದ್ದಾರೆ. ರಾಷ್ಟ್ರೀಯ ಟ್ರೇಡ್ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್, ಡಿಜಿಟಲ್ ಫೋಟೋಗ್ರಾಫರ್, ಮಲ್ಟಿಮೀಡಿಯಾ ಅನಿಮೇಷನ್ ಮತ್ತು ಸ್ಪೆಷಲ್ ಎಫೆಕ್ಟ್ಸ್ ಎಂಬ ಒಂದೊಂದು ವರ್ಷದ ಟ್ರೇಡ್‌ಗಳಿವೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ತಾಲ್ಲೂಕಿನ ಐಟಿಐಯಲ್ಲಿ ಇರುತ್ತದೆ ಅಂತಲ್ಲ. ಆದರೆ ಪಟ್ಟಿಯಲ್ಲಿ ಇರುವುದರಿಂದ ಕೇಳುವ ಹಕ್ಕಂತೂ ಇದೆ. ಔರಾದ್‌ಗೋ ಭಾಲ್ಕಿಗೋ ಹೊಸ ಟ್ರೇಡ್ ಕೊಡಿ ಅಂತ ಶಾಸಕರ ಕಚೇರಿಗೆ ಮನವಿ ಬರೆಯುವಾಗ "ಏನಾದ್ರೂ ಕಂಪ್ಯೂಟರ್ ಕೋರ್ಸ್ ಕೊಡಿ" ಅಂತ ಬರೆಯಬೇಡಿ, ಟ್ರೇಡಿನ ಹೆಸರು ಬರೆಯಿರಿ.

ರಾಜ್ಯದ ನೀತಿ ಈ ವಿಷಯದಲ್ಲಿ ನಾಲ್ಕು ವರ್ಷದಲ್ಲಿ ಎರಡು ಸಲ ಪಲ್ಟಿ ಹೊಡೆದಿದೆ. 2021-22ರಲ್ಲಿ ದೇಶದಲ್ಲೇ ಮೊದಲು ಎನ್‌ಇಪಿ ಜಾರಿ ಮಾಡಿ, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ ಅಂದರು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ವಾಪಸ್ ಬಂದರು. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಾಜ್ಯದ ಸ್ವಂತ ಶಿಕ್ಷಣ ನೀತಿಯ ವರದಿಯನ್ನು 2025ರ ಆಗಸ್ಟ್‌ನಲ್ಲಿ ಕೊಟ್ಟಿತು. ಎನ್‌ಇಪಿಯ 'ಯಾವಾಗ ಬೇಕಾದರೂ ಬಿಟ್ಟುಹೋಗಿ' ಅನ್ನುವ ವ್ಯವಸ್ಥೆ ಬಡ ಮಕ್ಕಳನ್ನು ಮಧ್ಯದಲ್ಲೇ ಹೊರಗೆ ಕಳಿಸುವ ಸಭ್ಯ ದಾರಿ ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಸಮುದಾಯ ಕಾಲೇಜಿನ ಕಲ್ಪನೆ ಅದರ ತಿರುವುಮುರುವು: ಬಿಟ್ಟುಹೋದವರು ಒಳಗೆ ಬರಲಿಕ್ಕೆ ಬಾಗಿಲು. ಎರಡನ್ನೂ ಒಂದೇ ಅಂತ ತಿಳಿದು ಎಸೆಯುವುದು ತಪ್ಪು.

ಇನ್ನು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಲ್ಲಿ ಶುರುವಾದ ಬೀದರ್ ವಿಶ್ವವಿದ್ಯಾಲಯ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದಾಗ ಉಳಿಸಿಕೊಂಡದ್ದು ಇದೊಂದನ್ನೇ. ಉಳಿಯಿತು ಅನ್ನುವುದು ಸಂತೋಷ. ಉಳಿದದ್ದು ಏನು ಕಲಿಸಬೇಕು ಎಂಬ ಪ್ರಶ್ನೆಯನ್ನು ಈ ಜಿಲ್ಲೆಯ ವಿದ್ಯಾರ್ಥಿ ಸಂಘಟನೆಗಳು ಎತ್ತಬೇಕಾದ ಹೊತ್ತು ಇದೇ.

ಪಾಲಿಟೆಕ್ನಿಕ್‌ನಿಂದ ಹೋದ ಒಬ್ಬ

"ಡಿಪ್ಲೊಮಾ ಮಾಡಿ ಸಿನಿಮಾದವನಾಗ್ತಾನಂತೆ" ಅಂತ ನಗುವವರಿಗೆ ಒಂದು ಹಳೇ ಕತೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ, ಧ್ವನಿಮುದ್ರಣದ ಡಿಪ್ಲೊಮಾ ಇತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗ ಹುಟ್ಟಿರಲಿಲ್ಲ. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಮುಗಿಸಿ ಮುಂಬೈಗೆ ಹೋದರು. ಗುರುದತ್ ಚಿತ್ರಗಳ ಬೆಳಕು ಅವರದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959) ಅವರ ಕ್ಯಾಮೆರಾದ್ದು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಛಾಯಾಗ್ರಾಹಕರಿಗೆ ಅದು ಬಂದದ್ದು ಅದೇ ಮೊದಲು. ಗೋವಿಂದ ನಿಹಲಾನಿ ಓದಿದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ, 1962ರ ಬ್ಯಾಚು. ಆ ವಿಭಾಗವೇ ಮುಂದೆ ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಆಯಿತು.

ಸರ್ಕಾರಿ ದುಡ್ಡಿನಲ್ಲಿ, ಡಿಪ್ಲೊಮಾ ಮಟ್ಟದಲ್ಲಿ, ಒಳ್ಳೇ ಮಾಧ್ಯಮ ಶಿಕ್ಷಣ ಕೊಡಲಿಕ್ಕೆ ಆಗುತ್ತೆ ಅನ್ನುವುದು ಇಲ್ಲಿ ಎಂಬತ್ತು ವರ್ಷದ ಹಿಂದೆಯೇ ಸಾಬೀತಾಗಿದೆ. ಆದರೆ ಅದು ನಡೆದದ್ದು ಬೆಂಗಳೂರಿನಲ್ಲಿ. ಬೀದರಿನಿಂದ ಅಲ್ಲಿಗೆ ಹತ್ತಿರ ಹತ್ತಿರ 700 ಕಿಲೋಮೀಟರ್.

ಮೂವತ್ತು ಕಿಲೋಮೀಟರ್ ಆಚೆ, ಮಾಚನೂರು

ಬೆಂಗಳೂರಿನ ಕಡೆಗೇ ಮುಖ ಮಾಡಿ ಕೂತವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಬೀದರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ತೆಲಂಗಾಣದ ಜಹೀರಾಬಾದ್ ಇದೆ. ಅದರ ಸುತ್ತಲ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1980ರ ದಶಕದಿಂದ ದಲಿತ ಮಹಿಳೆಯರ ಸಂಘಗಳೊಂದಿಗೆ ಕೆಲಸ ಮಾಡುತ್ತ ಬಂದಿದೆ. ಸಜ್ಜೆ, ನವಣೆ, ಬೀಜ ಉಳಿಸುವುದು ಇವೆಲ್ಲ ಅವರ ಮುಖ್ಯ ಕೆಲಸ. ಆ ಹೆಂಗಸರು 1990ರ ದಶಕದ ಕೊನೆಗೆ ಕ್ಯಾಮೆರಾ ಹಿಡಿಯಲಿಕ್ಕೆ, ಧ್ವನಿಮುದ್ರಣ ಮಾಡಲಿಕ್ಕೆ ಕಲಿತರು. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ, ಕೂಲಿ ಮಾಡುವವರು.

ಕಲಿತ ರೀತಿ ಇಲ್ಲಿ ಮುಖ್ಯ. 'ಲೋ ಆಂಗಲ್, ಹೈ ಆಂಗಲ್' ಅಂತ ಬಾಯಿಪಾಠ ಮಾಡುವ ಬದಲು ಅವರು ತಮ್ಮದೇ ಹೆಸರು ಇಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವ ಶಾಟ್‌ಗೆ 'ಪಟೇಲ್ ಶಾಟ್', ಯಾಕಂದ್ರೆ ಪಟೇಲ ನಮ್ಮನ್ನು ನೋಡುವುದೇ ಹಾಗೆ. ಕೆಳಗಿನಿಂದ ತಲೆ ಎತ್ತಿ ನೋಡುವುದು ಜೀತದಾಳಿನ ಶಾಟ್. ಕಣ್ಣಿನ ಮಟ್ಟದಲ್ಲಿ ಇಡುವುದು 'ಸಂಘಂ ಶಾಟ್', ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮಸಮ ಕೂರುವುದರಿಂದ. ಅವರಿಗೆ ಬೇಕಾದದ್ದು ಸಂಘಂ ಶಾಟ್. ಕ್ಯಾಮೆರಾ ಎಲ್ಲಿಡಬೇಕು ಎಂಬ ಪ್ರಶ್ನೆಯೊಳಗೆ ಜಾತಿ ಇದೆ, ಅಧಿಕಾರ ಇದೆ ಅಂತ ಪಿಎಚ್‌ಡಿ ಪ್ರಬಂಧಗಳು ನೂರು ಪುಟದಲ್ಲಿ ಹೇಳುವುದನ್ನು ಈ ಮೂರು ಹೆಸರುಗಳು ಹೇಳಿಬಿಡುತ್ತವೆ.

ಅವರ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಮಾಡಿದ, ವಾರಂಗಲ್ ರೈತರು ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಎಂಬ ವಿಷಯದ ಸಾಕ್ಷ್ಯಚಿತ್ರ ದೇಶದ ಹೊರಗೂ ಸುದ್ದಿಯಾಯಿತು. ರೇಡಿಯೋದ ಕತೆ ಇನ್ನೂ ದೊಡ್ಡದು. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿತ್ತು. ಆದರೂ ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಪರವಾನಗಿ ಕೊಡುವ ನೀತಿ ಬಂದದ್ದು 2006ರ ಕೊನೆಗೆ. ಮಾಚನೂರಿನಲ್ಲಿ ಸ್ಟುಡಿಯೋ ಇತ್ತು, ಕಲಿತ ಕೈಗಳಿದ್ದವು, ಪರವಾನಗಿ ಇರಲಿಲ್ಲ. ವರ್ಷಗಟ್ಟಲೆ ಅವರು ಕಾರ್ಯಕ್ರಮ ಮುದ್ರಿಸಿ ಕ್ಯಾಸೆಟ್‌ನಲ್ಲಿ ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಗಾಳಿಗೆ ಬಂತು. ಸರ್ಕಾರೇತರ ಸಂಸ್ಥೆಯೊಂದು ನಡೆಸುವ ದೇಶದ ಮೊದಲ ಸಮುದಾಯ ರೇಡಿಯೋ ಅದು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರಿದ್ದಾರೆ. ಒಬ್ಬರಿಗೆ 'ಜನರಲ್ ನರಸಮ್ಮ' ಎಂಬ ಹೆಸರೇ ನಿಂತುಬಿಟ್ಟಿದೆ.

ನಮ್ಮ ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಇದೇ ಹಾದಿಯದು. ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ಮೂಲಕ ಹಳ್ಳಿಯ ಮನೆಗಳಿಗೆ ಧ್ವನಿ ತಲುಪಿಸಿದ ಪ್ರಯೋಗ.

ಮಾಚನೂರಿನ ಕತೆ ಇಷ್ಟು ಹೇಳಿದ್ದು ಭಾವುಕತೆಗಲ್ಲ. ಡಿಜಿಟಲ್ ಮೀಡಿಯಾ ಕಲಿಸಲಿಕ್ಕೆ ಬೆಂಗಳೂರಿನ ಇಂಗ್ಲಿಷು, ಲಕ್ಷಗಟ್ಟಲೆ ಫೀಸು, ಕಾಜಿನ ಕಟ್ಟಡ ಬೇಕು ಅನ್ನುವ ನಂಬಿಕೆಗೆ ಅದು ಉತ್ತರ. ಬೇಕಾದ್ದು ಕೈಗೆ ಸಿಗುವ ಉಪಕರಣ, ಸಾಕಷ್ಟು ಗಂಟೆ, ಮತ್ತು ಕಲಿಯುವವರ ಬದುಕಿನಿಂದ ಹೊರಟ ಪಾಠ. ಅಲ್ಲಿ ಇಲ್ಲದ್ದು ಒಂದೇ, ಯಾವ ವಿಶ್ವವಿದ್ಯಾಲಯವೂ ಆ ಕಲಿಕೆಗೆ ಕ್ರೆಡಿಟ್ ಕೊಡುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಕ್ರೆಡಿಟ್ ಇದೆ, ಕಲಿಕೆ ಎಷ್ಟಿದೆ ಅಂತ ಲ್ಯಾಬಿನ ಬೀಗ ಹೇಳಬೇಕು.

ಲ್ಯಾಬಿನಲ್ಲಿ ಏನಿರಬೇಕು, ಪಾಠದಲ್ಲಿ ಏನಿರಬೇಕು

ಕ್ಯಾಮೆರಾಗಿಂತ ಮೊದಲು ಸಂಗ್ರಹಣೆಯ ಬಗ್ಗೆ ಕೇಳಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೋ ತೆಗೆದರೆ ಒಂದು ಗಂಟೆಗೆ ಸುಮಾರು 45 ಜಿಬಿ. 40 ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಲ್ಲಿ ಇಡ್ತೀರಿ ಅಂತ ಕೇಳಿದಾಗ ಪೆನ್‌ಡ್ರೈವ್ ತೋರಿಸಿದರೆ ಅರ್ಥ ಮಾಡಿಕೊಳ್ಳಿ. ಸಾಫ್ಟ್‌ವೇರ್ ದುಬಾರಿ ಅನ್ನುವ ನೆಪ ಈಗ ನಡೆಯುವುದಿಲ್ಲ. 2025ರ ಆಸ್ಕರ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವಾದ ಲಾಟ್ವಿಯಾದ 'ಫ್ಲೋ' ತಯಾರಾದದ್ದು ಬ್ಲೆಂಡರ್ ಎಂಬ ಪೂರ್ತಿ ಉಚಿತ ತಂತ್ರಾಂಶದಲ್ಲಿ. ಚಿತ್ರಕ್ಕೆ ಕ್ರಿಟಾ, ವೆಕ್ಟರ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ, ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಕ್ರ್ಯಾಕ್ ಮಾಡಿದ ಫೋಟೋಶಾಪ್‌ನಲ್ಲಿ ಪಾಠ ಮಾಡುವ ಸಂಸ್ಥೆ ನಿಮಗೆ ಮೊದಲ ದಿನವೇ ಕಳ್ಳಮಾಲು ಬಳಸುವುದನ್ನು ಕಲಿಸುತ್ತಿದೆ.

ಪಠ್ಯದಲ್ಲಿ ಬೀದರಿಗೇ ವಿಶೇಷವಾಗಿ ಬೇಕಾದ್ದು ಲಿಪಿಯ ಪಾಠ. ಬೆಂಗಳೂರಿನ ಅನಿಮೇಷನ್ ಸಂಸ್ಥೆಗಳಿಗೆ ಇದು ತಲೆನೋವಲ್ಲ, ನಮಗೆ ಹೊಟ್ಟೆಪಾಡು. ನುಡಿಯ ಹಳೇ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಸಂಕೇತದಲ್ಲಿ ಕೂತಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಮುದ್ರಣದ ಅಂಗಡಿಗಳಲ್ಲಿ ಇವತ್ತೂ ಆ ಫೈಲ್‌ಗಳು ಓಡಾಡುತ್ತವೆ, ವೆಬ್‌ಗೆ ಬೇಕಾದ್ದು ಯೂನಿಕೋಡ್. ಎರಡರ ನಡುವೆ ಪರಿವರ್ತಿಸುವುದು, ಪರಿವರ್ತಿಸಿದಾಗ ಕೆಡುವ ಅರ್ಕಾವತ್ತು, ಒತ್ತಕ್ಷರ ತಿದ್ದುವುದು ಒಂದು ಕಸುಬು. ಫೋಟೋಶಾಪ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ಬೀಳುತ್ತದೆ ಅನ್ನುವ ಸಣ್ಣ ಸಂಗತಿ ಗೊತ್ತಿಲ್ಲದೆ ಎಷ್ಟು ಬ್ಯಾನರ್‌ಗಳು ತಪ್ಪು ಕನ್ನಡದಲ್ಲಿ ನಿಂತಿವೆಯೋ. ಉರ್ದು ಬಲದಿಂದ ಎಡಕ್ಕೆ, ನಸ್ತಾಲೀಖ್ ಬರೆಯಲು ಇನ್‌ಪೇಜ್‌ನಂಥ ಬೇರೆಯೇ ತಂತ್ರಾಂಶ. ಮರಾಠಿಗೆ ದೇವನಾಗರಿ. ಮೂರೂ ಲಿಪಿ ಸರಿಯಾಗಿ ಕೂಡಿಸುವ ವಿನ್ಯಾಸಗಾರರಿಗೆ ಈ ಗಡಿಯಲ್ಲಿ ಇರುವಷ್ಟು ಕೆಲಸ ಬೇರೆಡೆ ಇಲ್ಲ. ಇದನ್ನು ಕಲಿಸದ ಡಿಜಿಟಲ್ ಮೀಡಿಯಾ ಕೋರ್ಸ್ ಬೀದರಿನಲ್ಲಿ ಇದ್ದೂ ಬೀದರಿನದಲ್ಲ.

ಬೆಳಕಿನ ಪಾಠಕ್ಕೆ ಬಿದ್ರಿ ಸಾಮಾನು ಸಾಕು. ಕಪ್ಪು ಮೈಮೇಲೆ ಬೆಳ್ಳಿಯ ಕುಸುರಿ. ನೇರ ಫ್ಲಾಶ್ ಹೊಡೆದರೆ ಬೆಳ್ಳಿ ಬಿಳಿ ಮಚ್ಚೆಯಾಗುತ್ತದೆ, ಕಡಿಮೆ ಮಾಡಿದರೆ ಕಪ್ಪು ಗುಂಡಿಯಾಗುತ್ತದೆ. ಬಿಳಿ ಬಟ್ಟೆಯ ಮೂಲಕ ಬೆಳಕು ಸೋಸಿ, ಪಕ್ಕದಿಂದ ಕೊಟ್ಟು, ಕ್ಯಾಮೆರಾದ ನೆರಳು ಬೀಳದಂತೆ ನಿಲ್ಲಬೇಕು. ಆನ್‌ಲೈನ್ ಮಾರಾಟಕ್ಕೆ ಕುಶಲಕರ್ಮಿಗಳಿಗೆ ಬೇಕಾದ್ದು ಇದೇ ಫೋಟೋ. ಇನ್ನು ನೌಬಾದದ ನೆಲದಡಿ ಬಹಮನಿ ಕಾಲದ ಕಾರೇಜ್, ಗಾಳಿಗಂಡಿಗಳಿರುವ ನೀರಿನ ಸುರಂಗ, ಇದೆ. ಕಡಿಮೆ ಬೆಳಕಿನ ಚಿತ್ರೀಕರಣಕ್ಕೂ ಪ್ರತಿಧ್ವನಿಯ ಧ್ವನಿಮುದ್ರಣಕ್ಕೂ ಅನುಮತಿ ಪಡೆದು ಅಲ್ಲೊಂದು ಪಾಠ ಮಾಡಿದರೆ ವರ್ಷದ ಪಠ್ಯ ಅರ್ಧ ಮುಗಿದಂತೆ.

ಕಾನೂನಿನ ಒಂದು ತರಗತಿಯೂ ಇರಬೇಕು. ಮದುವೆ ಫೋಟೋ ತೆಗೆದವರು ತಾವೇ ಅದರ ಒಡೆಯರು ಅಂದ್ಕೊಂಡಿರ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋ ಅಥವಾ ಚಿತ್ರದ ಮೊದಲ ಒಡೆಯರು ಹಣ ಕೊಟ್ಟವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಸಂಬಳಕ್ಕಿದ್ದು ಮಾಡಿದ ಕೆಲಸ ಸಾಮಾನ್ಯವಾಗಿ ಮಾಲೀಕರದು. ನಿಮ್ಮ ಶೋರೀಲ್‌ಗೆ ಬಳಸುವ ಹಕ್ಕು ಬೇಕಿದ್ದರೆ ಮೊದಲೇ ಒಂದು ಸಾಲು ಬರೆಸಿಕೊಳ್ಳಬೇಕು.

"ಇದ್ಕ ನೌಕರಿ ಸಿಗ್ತದೇನು?"

ಸರ್ಕಾರದ ಮಾತು ಕೇಳಿದರೆ ಸಿಗುತ್ತದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. 2024ರ ಜನವರಿಯಲ್ಲಿ ಬಂದ 2024-29ರ ನೀತಿ 30,000 ಹೊಸ ಉದ್ಯೋಗದ ಗುರಿ ಇಟ್ಟಿದೆ. ಉದ್ಯಮ ಇರುವುದು ಬೆಂಗಳೂರಿನಲ್ಲಿ, ಉತ್ಕೃಷ್ಟತಾ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. ಗುರಿಯಲ್ಲಿ ಬೀದರಿನ ಪಾಲು ಎಷ್ಟು ಅಂತ ಕೇಳಿದರೆ ಉತ್ತರ ಕೊಡಬೇಕಾದ ಕುರ್ಚಿ ಯಾವುದು ಅಂತಲೇ ತಿಳಿಯದು.

ಆ ಉದ್ಯಮದ ಇನ್ನೊಂದು ಮುಖವೂ ಗೊತ್ತಿರಲಿ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಕುಸಿದುಬಿತ್ತು. ಹಾಲಿವುಡ್ ಚಿತ್ರಗಳ ವಿಎಫ್‌ಎಕ್ಸ್ ಮಾಡುತ್ತಿದ್ದ ಅದರ ಬೆಂಗಳೂರು, ಮುಂಬೈ ಸ್ಟುಡಿಯೋಗಳಲ್ಲಿ ಸಾವಿರಾರು ಮಂದಿ ಕೆಲಸ ಕಳಕೊಂಡರು. ಈ ರಂಗಕ್ಕೆ ಹೊಸಬರು ಕಾಲಿಡುವುದು ಹೆಚ್ಚಾಗಿ ರೋಟೋ ಕೆಲಸದಿಂದ: ವಿಡಿಯೋದಲ್ಲಿ ವ್ಯಕ್ತಿಯ ಅಂಚನ್ನು ಫ್ರೇಮ್ ಫ್ರೇಮ್‌ಗೂ ಬಿಡಿಸುವುದು. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್‌ಗೆ 120 ಸಲ. ಎಐ ಮೊದಲು ನುಂಗುತ್ತಿರುವುದು ಇದೇ ಮೆಟ್ಟಿಲನ್ನು. ಹಾಗಾಗಿ ಒಂದೇ ತಂತ್ರಾಂಶದ ಒಂದೇ ಕೆಲಸ ಕಲಿಸಿ "ಪ್ಲೇಸ್‌ಮೆಂಟ್ ಗ್ಯಾರಂಟಿ" ಅನ್ನುವ ಸೆಂಟರ್‌ಗಳಿಂದ ದೂರ ಇರುವುದು ಮೇಲು.

ಬೀದರಿನವರಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಬೆಂಗಳೂರಲ್ಲ, 140 ಕಿಲೋಮೀಟರ್ ದೂರದ ಹೈದರಾಬಾದ್. ತೆಲುಗು ಸಿನಿಮಾದ ವಿಎಫ್‌ಎಕ್ಸ್ ಅಲ್ಲಿದೆ, ತೆಲುಗು, ದಕ್ಖನಿ ಎರಡೂ ನಮ್ಮ ಹುಡುಗರಿಗೆ ಬರುತ್ತದೆ. ಆದರೆ 371(ಜೆ) ಅಲ್ಲಿ ಕೆಲಸಕ್ಕೆ ಬಾರದು. ಅದು ಕೊಡುವುದು ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ 70 ಶೇಕಡಾ ಸೀಟು, ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ನೋಡಿಕೊಂಡು 75ರಿಂದ 85 ಶೇಕಡಾ ಮೀಸಲಾತಿ. ಖಾಸಗಿ ಸ್ಟುಡಿಯೋಗೆ ಅದರ ಹಂಗಿಲ್ಲ. ಡಿಜಿಟಲ್ ಮೀಡಿಯಾ ಓದಿದವರಿಗೆ ಸರ್ಕಾರಿ ಹುದ್ದೆಯೇ ಬಹುತೇಕ ಇಲ್ಲದಿರುವಾಗ ಈ ಮೀಸಲಾತಿ ಬಾಗಿಲವರೆಗೆ ಬಿಟ್ಟು ಹೋಗುತ್ತದೆ.

ಯುವನಿಧಿಯಲ್ಲೂ ಡಿಪ್ಲೊಮಾದವರು ಅರ್ಧ ಮನುಷ್ಯರು: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ನೀವು ಸೇರುವ ಕೋರ್ಸಿನ ಡಿಪ್ಲೊಮಾ ಆ ಲೆಕ್ಕಕ್ಕೆ ಬರುತ್ತದೆಯೇ ಅಂತ ಸೇರುವ ಮುಂಚೆಯೇ ಲಿಖಿತವಾಗಿ ಕೇಳಿ. ಅದೇ ಅರ್ಜಿಯಲ್ಲಿ ಇನ್ನೂ ಕೆಲವು ಕೇಳಬಹುದು: ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿಯ ಹೆಸರಿರುತ್ತದೆ, ಕ್ರೆಡಿಟ್ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಗೆ ಜಮಾ ಆಗುತ್ತದೆಯೇ, ಕಳೆದ ಬ್ಯಾಚಿನವರು ಈಗ ಎಲ್ಲಿದ್ದಾರೆ. ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಗೆ ಉತ್ತರ ಸಿಗುತ್ತದೆ.

ಕೊನೆಗೆ ಲ್ಯಾಬಿನ ವೇಳೆ ಕೇಳಿ. ಔರಾದ್, ಭಾಲ್ಕಿ ಎರಡೂ ಬೀದರಿನಿಂದ ಸುಮಾರು 40 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಹುಡುಗಿಯರಿಗೆ ಬಸ್ ಚಾರ್ಜ್ ಇಲ್ಲ, ಮನೆಯವರ ಒಂದು ನೆಪ ಹೋಯಿತು. ಆದರೆ ಎಡಿಟಿಂಗ್ ಪ್ರಾಜೆಕ್ಟ್ ಐದು ಗಂಟೆಗೆ ಮುಗಿಯುವ ಕೆಲಸ ಅಲ್ಲ. ಲ್ಯಾಬ್ ಸಂಜೆ ಎಂಟರವರೆಗೆ ತೆರೆದಿದ್ದು ಔರಾದಿನ ಕೊನೇ ಬಸ್ ಅದಕ್ಕೂ ಮುಂಚೆ ಹೊರಟರೆ, ಆ ಕೋರ್ಸಿನ ಕಂಪ್ಯೂಟರ್ ಮುಂದೆ ಉಳಿಯುವವರು ಬೀದರ್ ನಗರದಲ್ಲಿ ಮನೆ ಇರುವ ಹುಡುಗರು ಮಾತ್ರ. ಹಾಸ್ಟೆಲ್ ಸೀಟು ಅಥವಾ ಬಸ್ ವೇಳೆ, ಎರಡರಲ್ಲಿ ಒಂದನ್ನು ಪ್ರಿನ್ಸಿಪಾಲರ ಹತ್ತಿರವೋ ಡಿಪೋ ಮ್ಯಾನೇಜರ್ ಹತ್ತಿರವೋ ಕೇಳಿ ಪಡೆಯಬೇಕಾಗುತ್ತದೆ. ಒಬ್ಬರೇ ಹೋದರೆ ಆಗುವ ಕೆಲಸ ಅಲ್ಲ ಅದು.